ಗಾಳಿಯನ್ನು ಹರಾಜು ಕೂಗಿದವರು

ರೇಡಿಯೋ ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸುಪ್ರೀಂ ಕೋರ್ಟು ತೀರ್ಪಿತ್ತದ್ದು 1995ರಲ್ಲಿ. ಸರ್ಕಾರವೋ ಆ ಸ್ವತ್ತನ್ನು ಹರಾಜಿಗಿಟ್ಟಿತು. ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ 2001ರಲ್ಲಿ ನಮ್ಮ ಬೆಂಗಳೂರಿನಲ್ಲೇ ಬಾಯಿಬಿಟ್ಟಿತು.

ಪೈಪೋಟಿಯಿಂದ ಜನಕ್ಕೆ ಲಾಭವೆನ್ನುವವರು ದೂರವಾಣಿಯತ್ತ ಬೆರಳು ತೋರುತ್ತಾರೆ. ಕರೆಯ ದರ ಇಳಿದದ್ದು ದಿಟ. ಬಿಳಿಕೆರೆಯಲ್ಲಿ ಫೋನಿಲ್ಲದ ಕಿಸೆಯನ್ನು ನಾನು ಕಂಡಿಲ್ಲ. (ಆ ಪೈಪೋಟಿಯೂ ಈಗ ಮೂರು ಖಾಸಗಿ ಕಂಪೆನಿ ಮತ್ತು ಬಿ.ಎಸ್.ಎನ್.ಎಲ್.ಗೆ ಬಂದು ನಿಂತಿದೆಯೆನ್ನಿ.) ಆದರೆ ಫೋನಿಗೆ ಹಣ ತೆರುವವನು ಮಾತನಾಡುವವನೇ. ರೇಡಿಯೋಗೆ ಹಣ ತೆರುವವನು ಕೇಳುಗನಲ್ಲ, ಜಾಹೀರಾತುದಾರ. ಅವನಿಗೆ ಬೇಕಾದುದು ಹಾಡಲ್ಲ, ಕಿವಿಗಳ ಎಣಿಕೆ. ಆದ್ದರಿಂದಲೇ ಯಾವ ಕೇಂದ್ರ ತಿರುಗಿಸಿದರೂ ಅದೇ ಹೊಸ ಸಿನಿಮಾ ಹಾಡು, ಅದೇ ಅರಚಾಟ.

1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಯಾವ ಹರಾಜಿನಲ್ಲೂ ಕೂಗಿದವರಲ್ಲ. ಇಂದಿನ ಖಾಸಗಿ ಕೇಂದ್ರಗಳಿಗೆ ಸ್ವಂತ ಸುದ್ದಿ ಹೇಳುವ ಹಕ್ಕೂ ಇಲ್ಲ. ಆಕಾಶವಾಣಿಯ ಸುದ್ದಿಯನ್ನೇ ಒಪ್ಪಿಸಬೇಕು. ಹಾಗಾದರೆ ಬಿಡುಗಡೆಯಾದದ್ದು ಯಾರಿಗೆ, ಸ್ವಾಮಿ?

ದಿನಕ್ಕೊಂದು ಗಂಟೆ ನೀಲಗಾರರ ತಂಬೂರಿಗೆ, ಕಂಸಾಳೆಗೆ, ಗಮಕಕ್ಕೆ ಮೀಸಲೆಂದು ಪರವಾನಗಿಯಲ್ಲೇ ಬರೆಯಲಿ. ನಷ್ಟವಾಯಿತೆಂದು ಕಂಪೆನಿಗಳು ಕೂಗೆಬ್ಬಿಸಿದರೆ, ಆ ಒಂದು ಗಂಟೆಯ ಮಟ್ಟಿಗೆ ಶುಲ್ಕದಲ್ಲಿ ಸೋಡಿ ಬಿಡಲಿ.