ತಾಯಿ ಹಂದಿಗೆ ಲಸಿಕೆ: ಮರಿಗಳ ಭೇದಿ ತಡೆಯಲು ಅದೊಂದೇ ಸಾಕೇ?

ಹಂದಿ ಸಾಕಾಣಿಕೆದಾರರೇ, ಹುಟ್ಟಿದ ಎರಡು-ಮೂರು ದಿನಗಳಲ್ಲಿಯೇ ಮರಿಗಳು ನೀರಿನಂತಹ ಭೇದಿಗೆ ತುತ್ತಾಗಿ ಸಾಯುವುದನ್ನು ನೀವು ಕಂಡಿರಬಹುದು. ಇದರ ಚಿಕಿತ್ಸೆಗೆ ಬಳಕೆಯಲ್ಲಿದ್ದ ಪ್ರತಿಜೈವಿಕಗಳಲ್ಲಿ ಕೊಲಿಸ್ಟಿನ್ ಒಂದು. ಮನುಷ್ಯರಿಗೆ ಇತರ ಔಷಧಗಳು ವಿಫಲವಾದಾಗ ಕೊನೆಯ ಆಸರೆಯಾಗಿರುವ ಈ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಬಳಸುವುದನ್ನು ಕೇಂದ್ರ ಆರೋಗ್ಯ ಸಚಿವಾಲಯವು 2019ರ ಜುಲೈನಲ್ಲಿ ನಿಷೇಧಿಸಿತು. ಐರೋಪ್ಯ ಒಕ್ಕೂಟವು 2022ರ ಜನವರಿಯಿಂದ ಪ್ರತಿಜೈವಿಕಗಳ ವಾಡಿಕೆಯ ಬಳಕೆಯನ್ನು ನಿರ್ಬಂಧಿಸಿತು. ಅದೇ ಜೂನ್‌ನಿಂದ ಹಂದಿಮರಿಗಳ ಭೇದಿಗೆ ಔಷಧ ಪ್ರಮಾಣದಲ್ಲಿ ಸತುವಿನ ಆಕ್ಸೈಡ್ ನೀಡುವುದನ್ನೂ ಕೊನೆಗೊಳಿಸಿತು. ಔಷಧಗಳ ಆಯ್ಕೆ ಹೀಗೆ ಕಡಿಮೆಯಾಗುತ್ತಿರುವಾಗ, ಗಬ್ಬದ ಹಂದಿಗೆ ಲಸಿಕೆ ಹಾಕುವುದರಿಂದ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬುದನ್ನು ಅರಿಯುವುದು ಅಗತ್ಯ.

ರಕ್ಷಣೆ ಬರುವುದು ಗಿಣ್ಣು ಹಾಲಿನಿಂದ

ಹಂದಿಯ ಗರ್ಭವೇಷ್ಟನದ ರಚನೆಯಿಂದಾಗಿ ತಾಯಿಯ ಪ್ರತಿಕಾಯಗಳು ಗರ್ಭದಲ್ಲಿರುವ ಮರಿಗೆ ತಲುಪುವುದಿಲ್ಲ. ಆದ್ದರಿಂದ ಮರಿಯು ಹುಟ್ಟುವಾಗ ರೋಗನಿರೋಧಕ ಪ್ರತಿಕಾಯಗಳಿಲ್ಲದೆಯೇ ಹುಟ್ಟುತ್ತದೆ. ಗಿಣ್ಣು ಹಾಲಿನ ಪ್ರತಿಕಾಯಗಳನ್ನು ಅದರ ಕರುಳು ಮೊದಲ 24ರಿಂದ 36 ಗಂಟೆಗಳವರೆಗೆ ಮಾತ್ರ ರಕ್ತಕ್ಕೆ ಹೀರಿಕೊಳ್ಳಬಲ್ಲದು. ಮೊದಲ ಕೆಲವು ಗಂಟೆಗಳಲ್ಲಿ ಈ ಸಾಮರ್ಥ್ಯ ಅತ್ಯಧಿಕ.

ನವಜಾತ ಮರಿಗಳ ಭೇದಿಗೆ ಪ್ರಮುಖ ಕಾರಣ ಇ. ಕೋಲೈ ಬ್ಯಾಕ್ಟೀರಿಯದ ಕೆಲವು ತಳಿಗಳು. ಇವು ಮೈಮೇಲಿನ ಸೂಕ್ಷ್ಮ ಎಳೆಗಳ ನೆರವಿನಿಂದ ಕರುಳಿನ ಒಳಗೋಡೆಗೆ ಅಂಟಿಕೊಂಡು ವಿಷವನ್ನು ಸ್ರವಿಸುತ್ತವೆ. ಲಸಿಕೆ ಪಡೆದ ತಾಯಿಯ ಹಾಲಿನಲ್ಲಿರುವ ಪ್ರತಿಕಾಯಗಳು ಈ ಎಳೆಗಳನ್ನು ಹಿಡಿದು ಬ್ಯಾಕ್ಟೀರಿಯ ಅಂಟದಂತೆ ತಡೆಯುತ್ತವೆ. ಲಸಿಕೆಯು ಕರುಳನ್ನು ಬ್ಯಾಕ್ಟೀರಿಯ ರಹಿತವಾಗಿ ಮಾಡುವುದಿಲ್ಲ. ರೋಗಕಾರಕ ತಳಿಗಳು ನೆಲೆಯೂರುವುದನ್ನಷ್ಟೇ ತಡೆಯುತ್ತದೆ. ಪ್ರತಿಜೈವಿಕವಾದರೋ ಉಪಯುಕ್ತ ಬ್ಯಾಕ್ಟೀರಿಯಗಳನ್ನೂ ಕೊಲ್ಲುತ್ತದೆ, ಔಷಧಕ್ಕೆ ಜಗ್ಗದ ತಳಿಗಳು ಉಳಿದು ಹೆಚ್ಚಲು ಆಸ್ಪದ ನೀಡುತ್ತದೆ.

ಲಸಿಕೆಯ ಮಿತಿಗಳು

ಹಾಲಿನ ರಕ್ಷಣೆ ಹಾಲು ಇರುವವರೆಗೆ ಮಾತ್ರ. ಮರಿಗಳನ್ನು ತಾಯಿಯಿಂದ ಬೇರ್ಪಡಿಸಿದ ಕೂಡಲೇ ಕರುಳಿನಲ್ಲಿ ಈ ಪ್ರತಿಕಾಯಗಳ ಪೂರೈಕೆ ನಿಲ್ಲುತ್ತದೆ. ಆ ಬಳಿಕ ಬರುವ ಭೇದಿಯನ್ನು ತಾಯಿಗೆ ಹಾಕಿದ ಲಸಿಕೆ ತಡೆಯುವುದೆಂದು ಭಾವಿಸಬಾರದು. ಮರಿಗಳನ್ನು ಅವಸರದಿಂದ ಬೇರ್ಪಡಿಸದಿರುವುದು, ಆಹಾರವನ್ನು ಹಂತಹಂತವಾಗಿ ಬದಲಿಸುವುದು ಆಗ ಮುಖ್ಯ. ರೋಟಾ ವೈರಸ್ ಅಥವಾ ಕಾಕ್ಸಿಡಿಯದಿಂದ ಬರುವ ಭೇದಿಗೂ ಇ. ಕೋಲೈ ಲಸಿಕೆ ಉಪಯೋಗಕ್ಕೆ ಬಾರದು. ಆದ್ದರಿಂದ ಲಸಿಕೆಗೆ ಹಣ ವ್ಯಯಿಸುವ ಮೊದಲು ಭೇದಿಯ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳುವುದು ಲಾಭಕರ.

ನೀವು ಅನುಸರಿಸಬೇಕಾದ ಕ್ರಮಗಳು

• ಹಂದಿಯ ಗರ್ಭಾವಧಿ ಸುಮಾರು 114 ದಿನ. ಮೊದಲ ಬಾರಿ ಲಸಿಕೆ ಪಡೆಯುವ ಹಂದಿಗೆ ಸಾಮಾನ್ಯವಾಗಿ ಎರಡು ಡೋಸ್ ಬೇಕು. ಎರಡನೆಯದು ಮರಿ ಹಾಕುವ 2ರಿಂದ 3 ವಾರ ಮೊದಲು. ನಂತರದ ಪ್ರತಿ ಗರ್ಭಕ್ಕೂ ಒಂದು ವರ್ಧಕ ಡೋಸ್ ನೀಡಬೇಕು. ಲಸಿಕೆಯ ಲಭ್ಯತೆ ಮತ್ತು ನಿಖರ ವೇಳಾಪಟ್ಟಿಗಾಗಿ ಪಶುವೈದ್ಯರನ್ನು ಸಂಪರ್ಕಿಸಿ.
• ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡಿ, ಹೆಪ್ಪುಗಟ್ಟಲು ಬಿಡಬೇಡಿ.
• ಪ್ರತಿ ಮರಿಗೂ ಮೊದಲ ದಿನ ಕನಿಷ್ಠ 200ರಿಂದ 250 ಗ್ರಾಂ ಗಿಣ್ಣು ಹಾಲು ದೊರೆಯಬೇಕು. ದುರ್ಬಲ ಮರಿಗಳನ್ನು ಕೈಯಾರೆ ಮೊಲೆಗೆ ಹಚ್ಚಿ. ಬೇರೆ ಹಂದಿಗೆ ಬಿಡುವುದಾದರೆ ಮೊದಲು ಸ್ವಂತ ತಾಯಿಯ ಗಿಣ್ಣು ಕುಡಿದಿರಲಿ.
• ಮರಿಗಳು ಮಲಗುವ ಜಾಗ ಒಣಗಿದ್ದು, ಬೆಚ್ಚಗಿರಲಿ. ಚಳಿಯಲ್ಲಿ ನಡುಗುವ ಮರಿ ಮೊಲೆ ಚೀಪುವುದಿಲ್ಲ.
• ಮರಿ ಹಾಕುವ ಕೊಟ್ಟಿಗೆಯನ್ನು ತೊಳೆದು, ಸೋಂಕು ನಿವಾರಕ ಸಿಂಪಡಿಸಿ, ಒಣಗಿಸಿದ ನಂತರವೇ ಹಂದಿಯನ್ನು ಒಳಗೆ ಬಿಡಿ.

ವಿಸ್ತರಣಾ ಕಾರ್ಯಕರ್ತರು ರೈತರಿಗೆ ಮನವರಿಕೆ ಮಾಡಿಕೊಡಬೇಕಾದ ಅಂಶ ಇದು: ತಾಯಿಗೆ ಲಸಿಕೆ ಹಾಕಿದ್ದರೂ ಮರಿ ಗಿಣ್ಣು ಕುಡಿಯದಿದ್ದರೆ ಆ ಖರ್ಚು ವ್ಯರ್ಥ. ಭೇದಿ ಕಾಣಿಸಿಕೊಂಡರೆ ಮರಿಗೆ ಜಲಪೂರಣ ದ್ರಾವಣವನ್ನು ಕೂಡಲೇ ನೀಡಿ. ಪ್ರತಿಜೈವಿಕವನ್ನು ಪಶುವೈದ್ಯರ ಸಲಹೆಯ ಮೇರೆಗೆ ಮಾತ್ರ ಬಳಸಿ.