ಗೊರಸು, ಲಾಳ ಮತ್ತು ಟೈರು
ಈ ವಾರ ಮೂಡಿಗೆರೆಯ ಟೈರ್ ಅಂಗಡಿಯಲ್ಲಿ ನಮ್ಮ ಪಕ್ಕದ ತೋಟದವರು ಪಿಕಪ್ಪಿಗೆಂದು ಎರಡು ಬಗೆಯ ಆಲ್ ಟೆರೈನ್ ಟೈರುಗಳ ಮುಂದೆ ಅರ್ಧ ಗಂಟೆ ನಿಂತಿದ್ದರು. ಒಂದರ ಮೈಮೇಲಿನ ರಬ್ಬರ್ ಬಟನ್ ದಪ್ಪ, ನಡುವೆ ಅಗಲ ಸಂದು, ಇನ್ನೊಂದರದು ಒತ್ತೊತ್ತು. ನನಗೆ ಅಜ್ಜನ ಎತ್ತುಗಳು ನೆನಪಾದವು. ಗದ್ದೆಯ ಕೆಸರಲ್ಲಿ ಸೀಳು ಗೊರಸು ಬಿಚ್ಚಿಕೊಂಡು ಹೂತ ಕಾಲನ್ನು ಸಲೀಸಾಗಿ ಕೀಳುತ್ತಿತ್ತು. ಅದೇ ಎತ್ತನ್ನು ಗಾಡಿಗೆ ಕಟ್ಟಿ ಕಲ್ಲುರಸ್ತೆಗೆ ಇಳಿಸುವ ಮುಂಚೆ ಅಜ್ಜ ಲಾಳ ಹೊಡೆಸುತ್ತಿದ್ದರು. ಟೈರಿನದೂ ಅದೇ ಲೆಕ್ಕ. ಅಗಲ ಸಂದಿನ ಟೈರು ಮಣ್ಣನ್ನು ಉಗುಳಿ ಮುಂದೆ ಸಾಗುತ್ತದೆ, ಆದರೆ ಟಾರಿನ ಮೇಲೆ ಗುಂಯ್‌ಗುಡುತ್ತದೆ, ಬೇಗ ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಅಷ್ಟಾಗಿ ಹಿಡಿಯುವುದಿಲ್ಲ. ಅವರ ತೋಟದೊಳಗಿನ ಮಣ್ಣುದಾರಿ ಎರಡೇ ಕಿಲೋಮೀಟರು. ಚಿಕ್ಕಮಗಳೂರಿಗೆ ಸುಮಾರು 30 ಕಿಲೋಮೀಟರು ಟಾರು, ಮಳೆಗಾಲವಿಡೀ ನೆನೆದದ್ದು. ಒತ್ತು ಬಟನ್ನಿನದೇ ತಗೊಳ್ಳಿ ಎಂದೆ. ಬಟನ್ನಿಗಿಂತ ಮುಖ್ಯವಾದದ್ದು ಟೈರಿನ ಪಕ್ಕೆಯ ಮೇಲಿನ ಭಾರದ ಅಂಕಿ: 104 ಎಂದರೆ ಒಂದು ಟೈರು 900 ಕಿಲೋ ಹೊರುತ್ತದೆ, 112 ಎಂದರೆ 1120. ಕಾಫಿ ಮೂಟೆ ಹೇರಿ ತಿರುವು ಇಳಿಯುವವರು ಅದನ್ನು ಓದದೆ ದುಡ್ಡು ಎಣಿಸಿದರೆ ನನ್ನ ಎದೆ ಝಲ್ಲೆನ್ನುತ್ತದೆ. ಅವರು ಬಗ್ಗಿ ಓದಿದರು; 112 ಇತ್ತು.