ಅಡಿಗೆಮನೆಯ ಪರಾಧೀನತೆ

ನಾಡಭಿಮಾನದ ಮಾತು ನಮ್ಮಲ್ಲಿ ಬಲು ಅಗ್ಗವಾಗಿದೆ. ನವೆಂಬರ ೧ರಂದು ಕೊರಳಿಗೆ ಹಳದಿ-ಕೆಂಪು ಶಲ್ಯ ಸುತ್ತಿಕೊಂಡು ಜಯಘೋಷ ಮಾಡಿದ ಸುಶಿಕ್ಷಿತ ಮಹನೀಯರು ಸಭೆ ಮುಗಿದ ಮೇಲೆ ಮನೆಯಲ್ಲಿ ಉಣ್ಣುವುದೇನನ್ನು? ಪರಪ್ರಾಂತದ ಗೋದಿ, ಹೊರನಾಡಿನ ಅಕ್ಕಿ, ಇಂಡೋನೇಶಿಯಾ ಮಲೇಶಿಯಾಗಳಿಂದ ಹಡಗೇರಿ ಬಂದ ತಾಳೆಯೆಣ್ಣೆ, ಮೊಜಾಂಬಿಕಿನ ತೊಗರಿ! ತೊಗರಿಯ ಕಣಜವೆಂದು ಹೆಸರಾಗಿ, ೨೦೧೯ರಲ್ಲಿ ತನ್ನ ಬೇಳೆಗೆ ಭೌಗೋಲಿಕ ಗುರುತನ್ನು ಪಡೆದ ಕಲಬುರ್ಗಿಯುಳ್ಳ ನಾಡಿನ ಗತಿಯಿದು.

ಹೊರಗಿನಿಂದ ಬಂದುದೆಲ್ಲ ತ್ಯಾಜ್ಯವೆಂದು ನಾವು ಹೇಳುವವರಲ್ಲ. ಮೆಣಸಿನಕಾಯಿಯೇ ಕಡಲಾಚೆಯಿಂದ ಬಂದು ಬ್ಯಾಡಗಿಯ ಹೆಸರು ಹೊತ್ತು ನಮ್ಮದಾಯಿತು. ಶೇಂಗಾ ಕೂಡ ಹಾಗೆಯೇ. ನಮ್ಮ ದೂರು ಬೇರೆ. ನಮ್ಮ ಹೊಲ ಕೊಟ್ಟುದನ್ನು ನಾವೇ ಕೀಳೆಂದು ಪಂಕ್ತಿಯಿಂದ ಎಬ್ಬಿಸಿದೆವಲ್ಲ, ಅದು ನಮ್ಮ ದೂರು.

ಜೋಳವನ್ನೇ ನೋಡಿರಿ. ವಿಜಯಪುರ, ಗದಗು, ಕೊಪ್ಪಳ, ರಾಯಚೂರುಗಳ ಎರೆನೆಲದಲ್ಲಿ ಹಿಂಗಾರಿ ಜೋಳವು ಕಾಲುವೆಯ ನೀರನ್ನು ಕೇಳುವುದಿಲ್ಲ. ಮಳೆಗಾಲದಲ್ಲಿ ಭೂಮಿ ಹೀರಿಟ್ಟುಕೊಂಡ ಹಸಿಯ ಮೇಲೆಯೇ ತೆನೆ ತುಂಬುತ್ತದೆ. ನಡುವೆ ಕಡಲೆ ಅಗಸೆಗಳ ಸಾಲು. ದನ ನುಗ್ಗದಂತೆ ಅಂಚಿಗೆ ಮುಳ್ಳಿನ ಕುಸುಬೆ. ಒಂದೇ ಹೊಲದಿಂದ ರೊಟ್ಟಿ, ಪಲ್ಯ, ಹಿಂಡಿ, ಎಣ್ಣೆ, ಎತ್ತಿಗೆ ಕಣಿಕೆ. ಎಳ್ಳಮಾವಾಸ್ಯೆಯಂದು ಚರಗ ಚೆಲ್ಲುವ ಒಕ್ಕಲಿಗನು ಭೂತಾಯಿಗೆ ಉಣಿಸುವುದು ಈ ಊಟವನ್ನೇ. ನಾಲ್ವತ್ತು ವರ್ಷಗಳಲ್ಲಿ ರಾಜ್ಯದ ಜೋಳದ ಬಿತ್ತನೆ ಅರ್ಧಕ್ಕಿಂತಲೂ ಕೆಳಗಿಳಿದಿದೆ. ಜೋಳ ಹೋದಲ್ಲಿ ಕಣಿಕೆ ಹೋಯಿತು, ಕಣಿಕೆ ಹೋದಲ್ಲಿ ದನ ಸಂತೆಗೆ ಹೋಯಿತು.

ಇದಕ್ಕೆ ಸರಕಾರವೂ ಹೊಣೆ. ಶಾಲೆಯ ಬಿಸಿಯೂಟದ ಅಕ್ಷರ ದಾಸೋಹವು ೨೦೦೨ರಲ್ಲಿ ಮೊದಲಾದುದು ಈಶಾನ್ಯದ ಏಳು ಜಿಲ್ಲೆಗಳಲ್ಲಿ. ರೊಟ್ಟಿಯುಣ್ಣುವ ಸೀಮೆಯದು; ಗಂಗಾಳಕ್ಕೆ ಬಿದ್ದುದು ಅನ್ನ ಸಾಂಬಾರು. ೨೦೧೩ರಲ್ಲಿ ಅನ್ನಭಾಗ್ಯ ಬಂದಿತು. ಹಸಿದವರಿಗೆ ಅನ್ನವಿಕ್ಕಿದುದನ್ನು ಹಳಿಯುವಷ್ಟು ಕೃತಘ್ನರು ನಾವಲ್ಲ. ಆದರೆ ಅದೇ ವರ್ಷದ ಆಹಾರ ಭದ್ರತೆಯ ಕಾಯದೆಯಲ್ಲಿ ಅಕ್ಕಿಗೆ ೩, ಗೋದಿಗೆ ೨, ಒರಟು ಧಾನ್ಯಕ್ಕೆ ೧ ರೂಪಾಯಿಯೆಂದು ದರವನ್ನೇ ಬರೆದಿದ್ದರೂ, ಜೋಳ ರಾಗಿಗಳಿಗೆ ಸಿಕ್ಕುದು ಮಲಮಗನ ಪಾಲು. ಫಲವನ್ನು ೨೦೨೩ರಲ್ಲಿ ಕಂಡೆವು: ಕೇಂದ್ರದ ಉಗ್ರಾಣವು ಹೆಚ್ಚಿನ ಅಕ್ಕಿಯನ್ನು ಮಾರಲು ಒಲ್ಲೆನೆಂದಾಗ ನಮ್ಮ ಸರಕಾರ ಛತ್ತೀಸಗಡ, ತೆಲಂಗಾಣಗಳ ಕದ ತಟ್ಟಿತು, ಸಾಲದೆ ಹೋದಾಗ ಕಿಲೋಗೆ ೩೪ ರೂಪಾಯಿಯಂತೆ ಜನರಿಗೆ ರೊಕ್ಕ ಹಂಚಿತು. ರೊಕ್ಕವನ್ನು ಅಟ್ಟುಣ್ಣಲು ಬರುವುದೇ? ಆ ವರ್ಷವೇ ಜಗತ್ತಿಗೆಲ್ಲ ಸಿರಿಧಾನ್ಯದ ವರ್ಷವೆಂದು ಸಾರಲಾಗಿತ್ತೆಂಬುದೊಂದು ವಿನೋದ. ಅದರಿಂದ ಪೇಟೆಗೆ ನವಣೆಯ ಬಿಸ್ಕೀಟು ಬಂದಿತು. ಬಡವನ ಮನೆಗೆ ನವಣೆ ಬರಲಿಲ್ಲ.

"ರೊಟ್ಟಿ ಬಡಿಯಲು ಈಗ ಯಾರಿಗೆ ವೇಳೆಯಿದೆ?" ಎಂದು ವಾಚಕರು ಕೇಳಬಹುದು. ಈ ಆಕ್ಷೇಪ ಹುಸಿಯಲ್ಲ. ಜೋಳದ ಹಿಟ್ಟಿಗೆ ಗೋದಿಯ ಅಂಟಿಲ್ಲ. ಕುದಿನೀರಿನಲ್ಲಿ ಕಲಸಿ, ಚೆನ್ನಾಗಿ ನಾದಿ, ಹರಿಯದಂತೆ ತಟ್ಟಿ, ಹೆಂಚಿನ ಮೇಲೆ ನೀರು ಸವರಿ ತಿರುವಬೇಕು. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ; ಆದುದರಿಂದ ಆಗಾಗ ಗಿರಣಿಗೆ ಹೋಗಲೇಬೇಕು. ತಿಂಗಳುಗಟ್ಟಲೆ ಚೀಲದಲ್ಲಿ ಕುಳಿತು ದೇಶಾಂತರ ತಿರುಗುವ ವ್ಯಾಪಾರಕ್ಕೆ ಅದು ಒಗ್ಗದು. ವರ್ತಕರಿಗೆ ಅದು ದೋಷ. ನಮಗೆ ಅದೇ ಗುಣ. ಊರ ಜೋಳ, ಊರ ಗಿರಣಿ, ಮನೆಯ ಹೆಂಚು: ಹಣ ಊರಿನಲ್ಲಿಯೇ ಸುತ್ತುತ್ತದೆ. ಇನ್ನು ಶ್ರಮದ ಮಾತು. ಈವರೆಗೆ ಒಲೆಯ ಮುಂದೆ ಬೆಂದವರು ತಾಯಂದಿರು, ರುಚಿಯನ್ನು ಹೊಗಳಿದವರು ಗಂಡಸರು. ಸಭೆಯಲ್ಲಿ ಎರಡು ತಾಸು ಭಾಷಣ ಬಿಗಿಯಬಲ್ಲ ಗಂಡಸಿನ ಕೈಗೆ ಅರ್ಧ ತಾಸು ಹಿಟ್ಟು ನಾದಲು ಶಕ್ತಿಯಿಲ್ಲವೆಂದರೆ ನಾವು ನಂಬೆವು. ಅದೂ ಆಗದಿದ್ದರೆ ಹುಬ್ಬಳ್ಳಿ, ಕಲಬುರ್ಗಿಗಳಂಥ ಊರುಗಳಲ್ಲಿ ರೊಟ್ಟಿ ಬಡಿದು ಮಾರಿ ಸಂಸಾರ ಸಾಗಿಸುವ ಹೆಣ್ಣುಮಕ್ಕಳಿದ್ದಾರೆ. ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಗುರೆಳ್ಳ ಹಿಂಡಿ, ಪುಂಡಿಪಲ್ಯ, ಮೊಸರಿದ್ದರೆ ಊಟಕ್ಕೆ ಕೊರತೆಯೇನು?

ಶಿಕ್ಷಕ ಬಂಧುಗಳಲ್ಲಿ ನಮ್ಮದೊಂದು ಕೇಳಿಕೆ. ಡಬ್ಬಿಯಲ್ಲಿ ರೊಟ್ಟಿ ತಂದ ಹುಡುಗನು ಅದನ್ನು ಮುಚ್ಚಿಕೊಂಡು ತಿನ್ನುವ ಶಾಲೆಗಳಿನ್ನೂ ಇವೆ. ಆ ಹುಡುಗನ ಪಕ್ಕದಲ್ಲಿ ನೀವು ರೊಟ್ಟಿಯ ಬುತ್ತಿ ಬಿಚ್ಚಿರಿ. ಎರೆಸೀಮೆಯ ಶಾಲೆಗಳ ಬಿಸಿಯೂಟದಲ್ಲಿ ವಾರಕ್ಕೊಂದು ದಿನವಾದರೂ ಜೋಳದ ರೊಟ್ಟಿಯಿರಲಿ, ಅದನ್ನು ಆ ಊರಿನ ಹೆಣ್ಣುಮಕ್ಕಳಿಂದಲೇ ಕೊಳ್ಳಲಿ ಎಂದು ನಿಮ್ಮ ಸಂಘಗಳಲ್ಲಿ ಠರಾವು ಮಾಡಿ ಸರಕಾರಕ್ಕೆ ಕಳಿಸಿರಿ; ಒಂದು ಪ್ರತಿಯನ್ನು ನಮಗೂ ಕಳಿಸಿದರೆ ಈ ಪತ್ರದಲ್ಲಿ ಅಚ್ಚುಹಾಕುವೆವು.